ಗೋಡೆಗೆ ನೆರಳಿಲ್ಲದ ದಿನ

2024ರ ಏಪ್ರಿಲ್ 24, ಬುಧವಾರ, ಮಧ್ಯಾಹ್ನ 12 ಗಂಟೆ 16 ನಿಮಿಷ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ನಟ್ಟನಡುವೆ ನಿಂತಿದ್ದೀರಿ. ಬಗ್ಗಿ ನೋಡಿಕೊಳ್ಳಿ. ನಿಮ್ಮ ನೆರಳು ಕುಗ್ಗಿ ಕುಗ್ಗಿ ಚಪ್ಪಲಿಯ ಅಂಚಿಗೆ ಬಂದಿದೆ. ಇನ್ನೊಂದು ನಿಮಿಷಕ್ಕೆ ಅದೂ ಇರುವುದಿಲ್ಲ. ಸೂರ್ಯ ಈ ಊರಿನ ನೆತ್ತಿಗೆ ನೇರ ಬರುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ. ಶೂನ್ಯ ನೆರಳಿನ ದಿನ ಅನ್ನುತ್ತಾರೆ. ಆಕಾಶದ ಹುಚ್ಚಿರುವವರು ಈ ಹೊತ್ತಿಗೆ ತಾರಸಿ ಹತ್ತಿ, ಪೈಪಿನ ತುಂಡೋ ನೀರಿನ ಬಾಟಲಿಯೋ ನಿಲ್ಲಿಸಿಕೊಂಡು ಗಡಿಯಾರ ನೋಡುತ್ತಿರುತ್ತಾರೆ. ನಿಮಗೆ ಸಲಕರಣೆ ಬೇಡ. ರಸ್ತೆಯೇ ಸಾಕು.

12.17. ಎರಡೂ ಬದಿಯ ಕಟ್ಟಡಗಳನ್ನು ನೋಡಿ. ನಾಲ್ಕಂತಸ್ತು, ಐದಂತಸ್ತು. ಡಿಸೆಂಬರಿನಲ್ಲಾದರೆ ದಕ್ಷಿಣದ ಸಾಲು ರಸ್ತೆಯ ಅರ್ಧಕ್ಕಾದರೂ ನೆರಳು ಚೆಲ್ಲುತ್ತಿತ್ತು. ಇವತ್ತು ಒಂದು ಗೋಡೆಗೂ ನೆರಳಿಲ್ಲ. ಕರೆಂಟ್ ಕಂಬಕ್ಕಿಲ್ಲ, ಸಿಗ್ನಲ್ಲಿಗಿಲ್ಲ, ಉಕ್ಕಿನ ಬೊಲ್ಲಾರ್ಡುಗಳಿಗಿಲ್ಲ. ನೆಟ್ಟಗೆ ನಿಂತಿದ್ದಕ್ಕೆಲ್ಲ ನೆರಳು ತಪ್ಪಿದೆ. ಅಡ್ಡಕ್ಕೆ ಚಾಚಿದ್ದಕ್ಕೆ ಮಾತ್ರ ಉಳಿದಿದೆ: ಅಲ್ಲೊಂದು ಇಲ್ಲೊಂದು ಮರದ ಕೊಂಬೆ, ಅಂಗಡಿ ಮುಂದಿನ ತಗಡಿನ ಇಳಿಜಾರು, ಎಳನೀರಿನವನ ಛತ್ರಿ. ಊರಲ್ಲಿ ಯಾವುದು ನೆರಳು, ಯಾವುದು ಬರೀ ಎತ್ತರ ಎಂದು ಸೂರ್ಯನೇ ಬೇರ್ಪಡಿಸಿ ತೋರಿಸುವ ಕೆಲವು ನಿಮಿಷಗಳು ಇವು. ಹಾಗಾಗಿಯೇ ನಿಮ್ಮನ್ನು ಈ ಹೊತ್ತಿಗೆ ಇಲ್ಲಿಗೆ ಕರೆತಂದದ್ದು.

ಒಂದು ಮರದಡಿ ಎಂಟು ಬೈಕುಗಳು ಒತ್ತೊತ್ತಿಗೆ ನಿಂತಿವೆ. ಊಟ ತಲುಪಿಸುವ ಹುಡುಗರು. ಜಾಗ ಸಿಗದ ಒಂಬತ್ತನೆಯವನು ಬೈಕನ್ನು ಬಿಸಿಲಿಗೇ ಬಿಟ್ಟು, ಸೀಟಿನ ಮೇಲೆ ರಟ್ಟಿನ ಚೂರು ಇಟ್ಟು, ತಾನು ಮಾತ್ರ ನೆರಳಿಗೆ ನುಗ್ಗಿದ್ದಾನೆ. ಎಳನೀರಿನವನಂತೂ ಬೆಳಗಿನಿಂದ ಗಾಡಿಯನ್ನು ನೆರಳಿನ ಹಿಂದೆಯೇ ಸರಿಸಿಕೊಂಡು ಬಂದು ಈಗ ಸೋತಿದ್ದಾನೆ. "ಇನ್ನೊಂದ್ ಅರ್ಧ ಗಂಟೆ ಹಿಂಗೇ ಸಾರ್. ಆಮೇಲೆ ಆ ಕಡೆ ಸ್ವಲ್ಪ ಬೀಳುತ್ತೆ," ಅನ್ನುತ್ತಾನೆ, ಮಚ್ಚಿನ ತುದಿಯಲ್ಲಿ ಎದುರು ಬದಿ ತೋರಿಸುತ್ತ. ಈ ಬೀದಿಯ ಹವಾಮಾನ ಇಷ್ಟು ಕರಾರುವಾಕ್ಕಾಗಿ ಬಲ್ಲ ಮತ್ತೊಬ್ಬ ಅಧಿಕಾರಿ ಈ ಊರಿನಲ್ಲಿ ಸಿಗಲಾರ.

ಕಾಲ ಕೆಳಗಿನದು ಗ್ರಾನೈಟ್ ಚಪ್ಪಡಿ. 2017ರ ಫೆಬ್ರವರಿಯಲ್ಲಿ ಈ ರಸ್ತೆಯನ್ನು ಅಗೆದು, ಕೊಳವೆ ಕೇಬಲ್ಲುಗಳನ್ನೆಲ್ಲ ನೆಲದಡಿ ಹೂತು, ಮೇಲೆ ಕಲ್ಲು ಹಾಸಿ, 2018ರ ಮಾರ್ಚಿನಲ್ಲಿ ಉದ್ಘಾಟಿಸಿದರು. ಒಳ್ಳೆಯ ಕೆಲಸವನ್ನು ಒಳ್ಳೆಯದೆನ್ನಲೇಬೇಕು. ಮುಂಚೆ ಇಲ್ಲಿ ಒಡೆದ ಸ್ಲ್ಯಾಬುಗಳ ನಡುವೆ ಮೋರಿಗೆ ಬೀಳದೆ ನಡೆಯುವುದೇ ಸಾಹಸವಾಗಿತ್ತು. ಈಗ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬರಬಹುದು. ಸಂಜೆ ಇಲ್ಲಿ ಹಾಡುವವರು, ಚಿತ್ರ ಬರೆಯುವವರು, ಪುಸ್ತಕದ ಚೀಲ ಹಿಡಿದವರು ಎಲ್ಲ ಸೇರುತ್ತಾರೆ. ಆದರೆ ಬೀದಿಯ ನಕ್ಷೆ ಬರೆದವರ ತಲೆಯಲ್ಲಿ ಇದ್ದದ್ದು ಆ ಸಂಜೆಯೇ ಇರಬೇಕು. ಮಧ್ಯಾಹ್ನ ನೆನಪಿಗೆ ಬಂದಂತಿಲ್ಲ.

ಅಂಗೈಯನ್ನು ಕಲ್ಲಿನ ಮೇಲೆ ಇಡಿ. ತಕ್ಷಣ ತೆಗೆದಿರಿ, ಅಲ್ಲವೇ. ಮಣ್ಣಿಗೆ ಬಿಸಿಲು ಬಿದ್ದರೆ ಅದರ ಒಂದು ಪಾಲು ಪಸೆಯನ್ನು ಆವಿ ಮಾಡುವುದಕ್ಕೇ ಖರ್ಚಾಗಿಬಿಡುತ್ತದೆ. ಕಲ್ಲಿನಲ್ಲಿ ಪಸೆ ಇಲ್ಲ. ಬಂದ ಬಿಸಿಲಿನಲ್ಲಿ ಸ್ವಲ್ಪ ಹಿಂದಕ್ಕೆ ಚಿಮ್ಮಿ ನಿಮ್ಮ ಮುಖಕ್ಕೆ, ಗದ್ದದ ಕೆಳಕ್ಕೆ ಹೊಡೆಯುತ್ತದೆ. ಉಳಿದದ್ದು ಒಳಗಿಳಿದು ಶೇಖರವಾಗುತ್ತದೆ. ಗ್ರಾನೈಟ್ ದಟ್ಟ ಕಲ್ಲು, ಶಾಖವನ್ನು ಆಳಕ್ಕೆ ಎಳೆದುಕೊಳ್ಳುತ್ತದೆ. ರೊಟ್ಟಿ ಬೇಯಿಸಿ ಕೆಳಗಿಳಿಸಿಟ್ಟ ಹಂಚಿನ ಹಾಗೆ ಸೂರ್ಯ ಮುಳುಗಿದ ಮೇಲೂ ಅದನ್ನು ಬಿಡುತ್ತಲೇ ಇರುತ್ತದೆ. ಮೇಲಿನ ಸೂರ್ಯ, ಕೆಳಗಿನ ಕಲ್ಲು, ಪಕ್ಕದ ಗಾಜು, ಮಹಡಿಗಳಿಂದ ಉಸಿರು ಬಿಡುವ ಎ.ಸಿ. ಯಂತ್ರಗಳು. ನಾಲ್ಕು ಕಡೆಯಿಂದಲೂ ಮೈಗೆ ಬಡಿಯುತ್ತಿದೆ.

ಇವತ್ತು ಸಂಜೆ ಟೀವಿಯವರು ಬೆಂಗಳೂರಿನ ಉಷ್ಣಾಂಶ ಇಷ್ಟು ಎಂದು ಹೇಳುವಾಗ ಈ ನಾಲ್ಕರ ಲೆಕ್ಕ ಅದರಲ್ಲಿರುವುದಿಲ್ಲ. ಆ ಅಂಕಿ ಬರುವುದು ಅರಮನೆ ರಸ್ತೆಯ ಹವಾಮಾನ ಕೇಂದ್ರದಿಂದ. ಹವಾಮಾನ ಕೇಂದ್ರಗಳಲ್ಲಿ ಉಷ್ಣಮಾಪಕವನ್ನು ಬಯಲಿನಲ್ಲಿ, ಎದೆಯೆತ್ತರದಲ್ಲಿ, ಗಾಳಿಯಾಡುವ ಸಂದಿಗಳಿರುವ ಬಿಳಿ ಮರದ ಪೆಟ್ಟಿಗೆಯೊಳಗೆ ಇಡುವುದು ಪದ್ಧತಿ. ಬಿಸಿಲು ತಾಗಬಾರದು, ನೆಲದ ಝಳ ತಾಗಬಾರದು. ನೂರು ವರ್ಷದ ಹಿಂದಿನ ಅಂಕಿಗೂ ಇವತ್ತಿನದಕ್ಕೂ ತಾಳೆ ನೋಡಬೇಕಾದರೆ ಅದು ಹಾಗೇ ಇರಬೇಕು, ತಪ್ಪಿಲ್ಲ. ಆದರೆ ಎಳನೀರಿನವನು ಆ ಪೆಟ್ಟಿಗೆಯೊಳಗೆ ನಿಂತು ವ್ಯಾಪಾರ ಮಾಡುವುದಿಲ್ಲ.

ಪಶ್ಚಿಮದ ತುದಿಗೆ ನಡೆದು ಸೇಂಟ್ ಮಾರ್ಕ್ಸ್ ರಸ್ತೆಗೆ ಕಾಲಿಡಿ. ಇದೂ ನವೀಕರಣಗೊಂಡ ರಸ್ತೆಯೇ. ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಮೊದಲು ಕೈಗೆತ್ತಿಕೊಂಡ ಕೆಲವು ರಸ್ತೆಗಳಲ್ಲಿ ಒಂದು. ಇಲ್ಲೂ ಅಗೆದರು, ಇಲ್ಲೂ ಕೊಳವೆ ಹೂತರು, ಇಲ್ಲೂ ಕಲ್ಲು ಹಾಸಿದರು. ಆದರೆ ಅಗಲ ಮಾಡಿದ್ದು ಫುಟ್‌ಪಾತನ್ನು. ಹಾಗಾಗಿ ಹಳೆಯ ಮರಗಳು ಫುಟ್‌ಪಾತಿನ ಒಳಗೇ ಉಳಿದುಕೊಂಡವು. ದೊಡ್ಡದೊಂದು ಮರದಡಿ ನಿಂತು ಹತ್ತು ಉಸಿರು ಎಳೆದುಕೊಳ್ಳಿ. ಕತ್ತಿನ ಹಿಂಭಾಗದ ಉರಿ ಇಳಿಯುತ್ತಿರುವುದು ಗೊತ್ತಾಗುತ್ತದೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನಲ್ಲೇ ಮರವಿರುವ ರಸ್ತೆಗಳನ್ನೂ ಮರವಿಲ್ಲದವನ್ನೂ ಜೋಡಿ ಮಾಡಿ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮರದಡಿಯ ಗಾಳಿ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ ತಣ್ಣಗಿತ್ತು. ಡಾಂಬರಿನ ಮೈಯಂತೂ 27.5 ಡಿಗ್ರಿಯವರೆಗೆ ತಣ್ಣಗಿತ್ತು. ಇಪ್ಪತ್ತೇಳೂವರೆ! ಮರದಡಿಯಲ್ಲಿ ಬರಿಗಾಲಿಡಬಹುದಾದ ನೆಲ, ನಾಲ್ಕು ಮಾರು ಆಚೆ ಬೊಬ್ಬೆ ಎಬ್ಬಿಸುವ ನೆಲ.

ಅನಿಲ್ ಕುಂಬ್ಳೆ ವೃತ್ತಕ್ಕೆ ಬಂದು ಬಲಕ್ಕೆ, ಎಂ.ಜಿ. ರೋಡಿನ ಉದ್ದಕ್ಕೂ ಕಣ್ಣು ಹಾಯಿಸಿ. ಎಡಬದಿಯಲ್ಲಿ ಮೆಟ್ರೊ ಸೇತುವೆ ಕಾಣುತ್ತಿದೆಯಲ್ಲ, ಅಲ್ಲಿ ಮರಗಳ ಕೆಳಗೆ ನಡೆಯುವ ಹಾದಿಯೊಂದಿತ್ತು. ಅದನ್ನು ತೆಗೆದ ಜಾಗದ ಮೇಲೆ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಗೂ ಎಂ.ಜಿ. ರೋಡಿಗೂ ನಡುವೆ ಮೊದಲ ರೈಲು ಓಡಿತು. ಸೇತುವೆಯ ಕೆಳಗೂ ನೆರಳಿದೆ, ಇವತ್ತಿನ ಲೆಕ್ಕದಲ್ಲಿ ಅಡ್ಡಕ್ಕೆ ಚಾಚಿದ ಒಳ್ಳೆಯ ನೆರಳೇ. ಆದರೂ ಅಲ್ಲಿ ಸ್ವಲ್ಪ ಹೊತ್ತು ನಿಂತರೆ ಏನೋ ಸಾಲದು ಅನಿಸುತ್ತದೆ. ಕಾಂಕ್ರೀಟು ಬಿಸಿಲನ್ನು ತಡೆಯುತ್ತದೆ, ತಾನು ಕಾಯುತ್ತದೆ, ಕಾದದ್ದನ್ನು ಕೆಳಗೆ ನಿಂತವರಿಗೆ ದಾಟಿಸುತ್ತದೆ. ಎಲೆ ತಾನು ಕಾಯುವ ಮೊದಲೇ ಬೆವರುತ್ತದೆ. ಹೀಗೆಂದು ಮೆಟ್ರೊ ಬೇಡವಾಗಿತ್ತು ಅನ್ನುವವರ ಸಾಲಿಗೆ ನಾನು ಸೇರುವುದಿಲ್ಲ. ಒಂದು ಬೋಗಿ ತುಂಬ ಜನ ರಸ್ತೆಗಿಳಿದು ಎಂಜಿನ್ ಉರಿಸಿದ್ದರೆ ಈ ಝಳ ಇನ್ನೂ ಹೆಚ್ಚಿರುತ್ತಿತ್ತು. ನನ್ನ ತಕರಾರು ಬದಲಿಯ ಲೆಕ್ಕದ ಬಗ್ಗೆ.

ಮರ ಕಡಿದಾಗಲೆಲ್ಲ ಒಂದಕ್ಕೆ ಹತ್ತು ಸಸಿ ನೆಡುತ್ತೇವೆ ಎಂಬ ಮಾತು ಬರುತ್ತದೆ. ಕೇಳಲು ಲಾಭದ ವ್ಯವಹಾರ. ಇಲ್ಲೇ ನಿಂತು ಗುಣಿಸಿ ನೋಡಿ. 20 ಮೀಟರ್ ಅಡ್ಡಳತೆಯ ಮಳೆಮರದ ಕೊಡೆ, ಈ ನೆತ್ತಿಯ ಬಿಸಿಲಿನಲ್ಲಿ, ಸುಮಾರು 314 ಚದರ ಮೀಟರ್ ನೆಲಕ್ಕೆ ನೆರಳು ಕೊಡುತ್ತದೆ. ಒಂದು ಮೀಟರ್ ಹರಡಿದ ಸಸಿಯ ನೆರಳು ಮುಕ್ಕಾಲು ಚದರ ಮೀಟರಿಗಿಂತ ತುಸು ಹೆಚ್ಚು. ಹತ್ತು ಸಸಿಗೆ ಎಂಟು ಚದರ ಮೀಟರೂ ಆಗುವುದಿಲ್ಲ. ಹೋದ ನೆರಳಿಗೆ ಸಮ ಆಗಬೇಕಾದರೆ ನಾನೂರು ಸಸಿ ಬೇಕು, ಅದೂ ಇದೇ ಜಾಗದಲ್ಲಿ. ಊರಾಚೆ ಎಲ್ಲೋ ನೆಟ್ಟರೆ ಇಲ್ಲಿ ಬಸ್ಸಿಗೆ ಕಾಯುವವಳ ತಲೆಗೆ ಏನು ಬಂತು?

ವಿಕ್ಟೋರಿಯಾ ರಾಣಿಯ ಪ್ರತಿಮೆ ದಾಟಿ ಕಬ್ಬನ್ ಪಾರ್ಕಿನೊಳಗೆ ಬನ್ನಿ. 1870ರಲ್ಲಿ ರಿಚರ್ಡ್ ಸ್ಯಾಂಕಿಯ ಕಾಲದಲ್ಲಿ ಹಾಕಿದ ತೋಟ. ಒಳಗೆ ಇನ್ನೂರು ಹೆಜ್ಜೆ ಹೋಗುವಷ್ಟರಲ್ಲಿ ಹೊರಗಿನ ಹಾರ್ನ್ ಬೇರೆ ಊರಿನದೇನೋ ಅನಿಸತೊಡಗುತ್ತದೆ. ಬಿದಿರು ಮೆಳೆಯ ಪಕ್ಕದ ಕಲ್ಲುಬೆಂಚಿನ ಮೇಲೆ ಯಾರೋ ಡ್ರೈವರು ಮುಖಕ್ಕೆ ಕರವಸ್ತ್ರ ಹಾಕಿಕೊಂಡು ಮಲಗಿದ್ದಾನೆ. ಇಲ್ಲಿ ಆಗುತ್ತಿರುವುದಕ್ಕೂ ಲೆಕ್ಕವಿದೆ. ಒಂದು ಲೀಟರ್ ನೀರು ಆವಿಯಾಗಲು ಮುಕ್ಕಾಲು ಯೂನಿಟ್‌ಗೆ ಸ್ವಲ್ಪ ಕಡಿಮೆ ಕರೆಂಟಿನಷ್ಟು ಶಾಖ ಬೇಕು. ದೊಡ್ಡ ಮರವೊಂದು ದಿನಕ್ಕೆ ನೂರು ಲೀಟರ್ ನೀರನ್ನು ಎಲೆಯಿಂದ ಬಿಟ್ಟಿತೆಂದುಕೊಳ್ಳಿ. ಸುತ್ತಲಿನ ಗಾಳಿಯಿಂದ 68 ಯೂನಿಟ್ ಶಾಖವನ್ನು ಎಳೆದುಕೊಂಡಂತಾಯಿತು. ಒಂದೂವರೆ ಟನ್ನಿನ ಎ.ಸಿ. ಹದಿಮೂರು ಗಂಟೆ ಓಡಿ ಮಾಡುವ ಕೆಲಸ ಅದು. ವ್ಯತ್ಯಾಸ ಇಷ್ಟೇ: ಎ.ಸಿ. ಒಳಗಿನ ಶಾಖಕ್ಕೆ ತನ್ನದನ್ನೂ ಸೇರಿಸಿ ಬೀದಿಗೆ ಎಸೆಯುತ್ತದೆ.

ಆದರೆ ಮರ ಬೆವರಲು ಬೇರಿಗೆ ನೀರು ಬೇಕು. ಕಾಲಲ್ಲಿ ಮಣ್ಣು ಕೆದಕಿ ನೋಡಿ, ಹಿಟ್ಟಿನಂತೆ ಹಾರುತ್ತದೆ. ಈ ಏಪ್ರಿಲ್‌ನಲ್ಲಿ ಇದುವರೆಗೆ ಒಂದು ಮಳೆಯಿಲ್ಲ. ಕೊಳವೆಬಾವಿಗಳು ಬತ್ತಿ, ಮಾರ್ಚಿನಲ್ಲೇ ಜಲಮಂಡಳಿ ಕಾರು ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿದೆ. ನಾನೂರು ಸಸಿ ನೆಟ್ಟಿದ್ದರೂ ನೀರು ಹೊಯ್ಯುವವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ತೋಟದ ತೆಂಕಣ ಬದಿಯಿಂದ ಹೊರಬಿದ್ದರೆ ಕಂಠೀರವ ಕ್ರೀಡಾಂಗಣ. ಇಲ್ಲಿ ನಿಮ್ಮನ್ನು ನಿಲ್ಲಿಸಿ ನಾನು ಕೈ ತೋರಿಸಬೇಕಾದದ್ದು ಕ್ರೀಡಾಂಗಣದ ಕಡೆಗಲ್ಲ, ಅದರ ಮಗ್ಗುಲಿನ ಚಿಕ್ಕ ಕೊಳದ ಕಡೆಗೆ. ಸಂಪಂಗಿ ಕೆರೆಯಲ್ಲಿ ಉಳಿದದ್ದು ಅಷ್ಟೇ. ಆ ಕೆರೆಯ ನೀರಿನಲ್ಲಿ ತಿಗಳರು ಸೊಪ್ಪು, ತರಕಾರಿ ಬೆಳೆಯುತ್ತಿದ್ದರು. ಕೆರೆ ಹೋಯಿತು, ತೋಟ ಹೋಯಿತು. ತಿಗಳರ ಕರಗ ಉತ್ಸವದ ವಿಧಿಗಳಿಗೆ ನೀರು ಬೇಕೇ ಬೇಕಾದ್ದರಿಂದ ಈ ತುಂಡು ಉಳಿಯಿತು. ಕರಗದವರು ಮೊನ್ನೆ ಮೊನ್ನೆ ಇಲ್ಲಿಗೆ ಬಂದಿದ್ದರು. ನಿನ್ನೆ ರಾತ್ರಿ ಪೇಟೆಯಲ್ಲಿ ಕರಗ ನಡೆಯಿತು. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿದೆ, ಕೆ.ಆರ್. ಮಾರ್ಕೆಟ್ಟು ಸಿದ್ದಿಕಟ್ಟೆಯ ಮೇಲಿದೆ. ಇವೆಲ್ಲ ಅವರವರ ಕಾಲದ ನವೀಕರಣಗಳೇ. ಸೊಳ್ಳೆ, ಮಲೇರಿಯಾ, ನಾತ, ಜಾಗದ ಅಭಾವ, ಕಾರಣಗಳು ಆಗಲೂ ಗಟ್ಟಿಯಾಗಿಯೇ ಇದ್ದವು. ಮಧ್ಯಾಹ್ನದ ಗಾಳಿ ನೀರಿನ ಮೇಲಿಂದ ಹಾದು ಬರುತ್ತಿತ್ತು ಎಂಬುದನ್ನು ಯಾವ ಕಡತದಲ್ಲೂ ನಷ್ಟದ ಕಾಲಂಗೆ ಹಾಕಲಿಲ್ಲ.

ಹೋದ ನೀರನ್ನು ಹಿಂದಕ್ಕೆ ತಂದ ಊರೂ ಇದೆ. ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ ಚಿಯೊಂಗ್ಗೆಚಿಯೊನ್ ಎಂಬ ಹೊಳೆಯನ್ನು ಕಾಂಕ್ರೀಟಿನಿಂದ ಮುಚ್ಚಿ ಮೇಲೆ ಎತ್ತರಿಸಿದ ಹೆದ್ದಾರಿ ಕಟ್ಟಿದ್ದರು. 2003ರ ಜುಲೈನಲ್ಲಿ ಅದನ್ನು ಕೆಡವಲು ಶುರುಮಾಡಿ, 2005ರ ಅಕ್ಟೋಬರಿನಲ್ಲಿ 5.8 ಕಿಲೋಮೀಟರ್ ಉದ್ದಕ್ಕೆ ಹೊಳೆಯನ್ನು ತೆರೆದರು. ಬೇಸಿಗೆಯಲ್ಲಿ ಅಳೆದಾಗ ಹೊಳೆಯ ದಂಡೆ, ಕೆಲವೇ ಬೀದಿ ಆಚೆಗಿನ ಸಮಾಂತರ ರಸ್ತೆಗಿಂತ 3.3ರಿಂದ 5.9 ಡಿಗ್ರಿ ತಂಪಾಗಿತ್ತು. ನಮ್ಮಲ್ಲಿ ರಾಜಕಾಲುವೆ ಚೆಂದ ಮಾಡುವ ಮಾತು ಬಂದಾಗಲೆಲ್ಲ ಸಿಯೋಲ್ ಹೆಸರು ಬಂದೇ ಬರುತ್ತದೆ. ಬರಲಿ. ಜೊತೆಗೆ ಅಲ್ಲಿಯ ನೀರು ಹಾನ್ ನದಿಯಿಂದ ಪಂಪು ಮಾಡಿ ತಂದದ್ದು, ಸುರಂಗ ರೈಲಿನ ನಿಲ್ದಾಣಗಳಲ್ಲಿ ಜಿನುಗುವ ಅಂತರ್ಜಲ ಸೇರಿಸಿದ್ದು ಎಂಬುದೂ ಬರಬೇಕು. ಹೆದ್ದಾರಿಯ ನೆರಳಲ್ಲಿ ವ್ಯಾಪಾರ ಮಾಡುತ್ತಿದ್ದ ಬೀದಿಬದಿಯವರನ್ನು ಒಂದು ಕ್ರೀಡಾಂಗಣಕ್ಕೆ ಕಳಿಸಿ, ಆಮೇಲೆ ಆ ಕ್ರೀಡಾಂಗಣವನ್ನೂ ಕೆಡವಿದರು. ದಂಡೆ ತಂಪಾಯಿತು, ಮೊದಲು ಅಲ್ಲಿ ದಿನವಿಡೀ ನಿಂತಿರುತ್ತಿದ್ದವರಿಗೆ ಅದು ಸಿಗಲಿಲ್ಲ.

ಪೊಲೀಸ್ ಕಾರ್ನರ್ ಕಡೆಯಿಂದ ಪೇಟೆಗೆ ಹೊರಡುವಷ್ಟರಲ್ಲಿ ಸಂಜೆಯಾಗಿದೆ. ದಾರಿಯಲ್ಲಿ ಒಂದು ಕಡೆ ಫುಟ್‌ಪಾತ್ ಕೆಲಸ ನಡೆಯುತ್ತಿದೆ. ಹಳೆಯ ಮರವೊಂದರ ಬುಡಕ್ಕೆ ಸಿಮೆಂಟು ಬಳಿದು, ಕಾಂಡದ ಸುತ್ತ ಅಂಗೈ ಅಗಲದಷ್ಟು ಜಾಗ ಬಿಟ್ಟಿದ್ದಾರೆ. ಮೇಸ್ತ್ರಿಯನ್ನು ಮಾತಾಡಿಸಿ. "ಡ್ರಾಯಿಂಗ್‌ನಲ್ಲಿ ಹಿಂಗೇ ಐತೆ ಸಾರ್. ಮರಕ್ಕೆ ಕೈ ಹಾಕಿಲ್ಲ ನೋಡಿ," ಅನ್ನುತ್ತಾನೆ, ನೀವು ಪರಿಸರದವರು ಜಗಳಕ್ಕೆ ಬಂದಿದ್ದೀರಿ ಅಂದುಕೊಂಡು. ಅವನ ಮಾತು ನಿಜ. ಕಾಂಕ್ರೀಟಿಗೆ ಘನ ಮೀಟರಿಗೆ ಇಷ್ಟು, ಕಲ್ಲುಹಾಸಿಗೆ ಚದರ ಮೀಟರಿಗೆ ಇಷ್ಟು ಎಂದು ದರಪಟ್ಟಿಯಲ್ಲಿ ರೇಟಿದೆ. ಸಸಿಗೂ ರೇಟಿದೆ, ಸಸಿಯ ಸುತ್ತ ಹಾಕುವ ಕಬ್ಬಿಣದ ಬೇಲಿಗೂ ಇದೆ. ನೆರಳಿಗೆ ರೇಟಿಲ್ಲ. ರೇಟಿಲ್ಲದ್ದು ಎಸ್ಟಿಮೇಟಿಗೆ ಹತ್ತುವುದಿಲ್ಲ, ಎಸ್ಟಿಮೇಟಿಗೆ ಹತ್ತದ್ದಕ್ಕೆ ಬಿಲ್ ಆಗುವುದಿಲ್ಲ. ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಒಂದಾದ ಮೇಲೊಂದು ಹೂಬಿಡುವಂತೆ ಬೀದಿಮರಗಳನ್ನು ಆರಿಸಿದ್ದು, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಎಂಬತ್ತರ ದಶಕದಲ್ಲಿ ಈ ಊರಿನಲ್ಲಿ 15 ಲಕ್ಷ ಮರ ನೆಡಿಸಿದ್ದು, ಅವರ ಮಟ್ಟಿಗೆ ಅದೇ ನಗರ ಕಾಮಗಾರಿ. ಈಗ ಮರ ಎಂದರೆ ಕಾಮಗಾರಿಗೆ ಬಂದ ಅಡ್ಡಿ, ಉಳಿಸಿದರೆ ಉಪಕಾರ.

ಅವೆನ್ಯೂ ರಸ್ತೆ. ಮೈಕಿನ ಆಟೊಗಳು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡಿವೆ. ನಾಡಿದ್ದು ಲೋಕಸಭೆ ಚುನಾವಣೆಯ ಮತದಾನ, ಬಹಿರಂಗ ಪ್ರಚಾರ ಇವತ್ತು ಆರಕ್ಕೆ ಮುಗಿಯಬೇಕು. ಕರಗದ ಮಲ್ಲಿಗೆ ಮೋರಿಯಂಚಿನಲ್ಲಿ ಕಂದುಬಣ್ಣಕ್ಕೆ ತಿರುಗಿ ಬಿದ್ದಿದೆ. ಪೇಟೆಯ ಓಣಿಗಳ ಗುಣವೇ ಬೇರೆ. ಇವು ಕಿರಿದು. ಸೂರ್ಯ ಸ್ವಲ್ಪ ವಾಲಿದರೂ ಒಂದು ಗೋಡೆ ಇನ್ನೊಂದಕ್ಕೆ ನೆರಳಾಗುತ್ತದೆ. ನಾಲ್ಕು ಗಂಟೆಗೇ ಇಲ್ಲಿ ಹಿತ. ಹಳೆಯ ಮನೆಗಳಿಗೆ ಹೆಂಚು ಇತ್ತು, ಮದ್ರಾಸ್ ತಾರಸಿ ಇತ್ತು, ಸುಣ್ಣದ ಗಾರೆಯಿತ್ತು. ಈಗ ಅದೇ ಮೂವತ್ತು ಅಡಿ ನಿವೇಶನದಲ್ಲಿ ಐದು ಅಂತಸ್ತಿನ ಆರ್‌ಸಿಸಿ ಗೋದಾಮು. ಹಗಲು ನೆರಳು ಕೊಟ್ಟ ಆ ಎತ್ತರವೇ ರಾತ್ರಿ ತಿರುಗಿ ಬೀಳುತ್ತದೆ. ಬಿಸಿಯಾದ ಗೋಡೆ ತಣಿಯಬೇಕಾದರೆ ತನ್ನ ಶಾಖವನ್ನು ಆಕಾಶಕ್ಕೆ ಬಿಡಬೇಕು. ಓಣಿಯಲ್ಲಿ ನಿಂತು ತಲೆಯೆತ್ತಿ: ಎರಡು ಕಟ್ಟಡಗಳ ನಡುವೆ ಆಕಾಶ ಒಂದು ಪಟ್ಟಿಯಷ್ಟಿದೆ. ಈ ಗೋಡೆ ಬಿಟ್ಟದ್ದನ್ನು ಆ ಗೋಡೆ ಹೀರುತ್ತದೆ, ಆ ಗೋಡೆಯದನ್ನು ಇದು.

ಒಂಬತ್ತು ಗಂಟೆಗೆ ಓಣಿಯ ಒಳಗಿನ ತಗಡಿನ ಸೂರಿನ ಮನೆಯ ಮುಂದೆ ಒಬ್ಬಾಕೆ ಮೆಟ್ಟಿಲ ಮೇಲೆ ಕೂತು ಮಗುವಿಗೆ ಬೀಸಣಿಗೆ ಹಾಕುತ್ತಿದ್ದಾಳೆ. ಕೈಯಲ್ಲಿರುವುದು ಪ್ರಚಾರದ ಕರಪತ್ರ. "ಒಳಗೆ ಫ್ಯಾನ್ ಐತಣ್ಣ, ಆದ್ರೆ ಬಿಸಿಗಾಳೀನೇ ಸುತ್ತಾಕ್ತದೆ. ಹನ್ನೊಂದು ಆಗ್ಬೇಕು ಒಳಗೋಗೋಕೆ." ಅವಳ ನೆತ್ತಿಗೆ ಸರಿಯಾಗಿ, ಪಕ್ಕದ ಬಟ್ಟೆ ಅಂಗಡಿಯ ಎ.ಸಿ.ಯ ಹೊರಯಂತ್ರ ಗೋಡೆಗೆ ತಗುಲಿಕೊಂಡು ಓಡುತ್ತಿದೆ. ನಗರದ ಬಿಸಿಯ ಬಗ್ಗೆ ಬರೆಯುವಾಗ ಎಲ್ಲರೂ ಸೇರಿ ಅನುಭವಿಸುತ್ತೇವೆ ಎಂಬ ಧಾಟಿ ಸುಲಭವಾಗಿ ಬಂದುಬಿಡುತ್ತದೆ. ಈ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತರೆ ಆ ಧಾಟಿ ಹೋಗುತ್ತದೆ. ಒಬ್ಬರ ತಂಪು ಇನ್ನೊಬ್ಬರ ನೆತ್ತಿಗೆ ಸುರಿಯುತ್ತಿದೆ.

ನಾಲ್ಕು ದಿನ ಕಳೆದು, ಏಪ್ರಿಲ್ 28ರ ಭಾನುವಾರ ಅರಮನೆ ರಸ್ತೆಯ ಆ ಪೆಟ್ಟಿಗೆ 38.5 ಡಿಗ್ರಿ ತೋರಿಸಿತು. 2016ರ ಏಪ್ರಿಲ್‌ನ 39.2ರ ಹತ್ತಿರಕ್ಕೇ ಬಂದಿತ್ತು. ತಿಂಗಳು ಮುಗಿದಾಗ ಏಪ್ರಿಲ್ ಪೂರ್ತಿ ಒಣ. ಮೇನಲ್ಲಿ ಮಳೆ ಶುರುವಾಯಿತು. ಜೂನ್ 2, ಮತ್ತೆ ಭಾನುವಾರ, ಒಂದೇ ದಿನ 111.1 ಮಿಲಿಮೀಟರ್ ಸುರಿಯಿತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರ 101.6 ಮಿಲಿಮೀಟರ್ ದಾಖಲೆ 133 ವರ್ಷಗಳ ಬಳಿಕ ಮುರಿದುಬಿತ್ತು. ಏಪ್ರಿಲ್‌ನಲ್ಲಿ ಬೆವರಲು ಪಸೆ ಇರದ ನೆಲ ಜೂನ್‌ನಲ್ಲಿ ಹೀರಲೂ ಒಪ್ಪಲಿಲ್ಲ. ಕಲ್ಲುಹಾಸಿನ ಮೇಲೆ ಬಿದ್ದದ್ದು ರಸ್ತೆಗೆ, ರಸ್ತೆಯದು ಅಂಡರ್‌ಪಾಸಿಗೆ. ಊರಿನ ತುಂಬ ಮರಗಳು ಉರುಳಿದವು.

ಮರುದಿನ ಬೆಳಿಗ್ಗೆ ಅಂಥ ಒಂದು ಮರದ ಬಳಿ ನಿಮ್ಮನ್ನು ನಿಲ್ಲಿಸುತ್ತೇನೆ. ಕೊಂಬೆ ಕತ್ತರಿಸುವ ಗರಗಸ ಕಿರುಚುತ್ತಿದೆ. ಬುಡ ಮೇಲಾಗಿ ಬಿದ್ದಿದೆ, ಬೇರು ಕಾಣುತ್ತಿದೆ. ಎರಡಾಳೆತ್ತರದ ಕಾಂಡಕ್ಕೆ ತಕ್ಕ ಬೇರು ಹುಡುಕಿದರೆ ಇಲ್ಲ. ಒಂದು ಬದಿ ಚರಂಡಿಯ ಗೋಡೆಗೆ ತಾಗಿ ಕತ್ತರಿಸಿದಂತೆ ನೆಟ್ಟಗಿದೆ, ಇನ್ನೊಂದು ಬದಿ ಕೇಬಲ್ಲಿನ ಗುಂಡಿ ತೋಡುವಾಗ ಹೋಗಿದೆ. ಉಳಿದ ಬೇರು ಸುತ್ತಿ ಸುತ್ತಿ, ತನಗೆ ಬಿಟ್ಟುಕೊಟ್ಟ ಚೌಕದ ಆಕಾರಕ್ಕೇ ಬೆಳೆದಿದೆ. ಪಾಲಿಕೆಯ ಕಡೆಯ ಕೆಲಸಗಾರನೊಬ್ಬ ಗುಂಡಿಯ ಅಳತೆ ತೆಗೆದುಕೊಳ್ಳುತ್ತಿದ್ದಾನೆ.

"ಇಲ್ಲಿ ಬೇರೆ ಮರ ಹಾಕ್ತೀರೇನಪ್ಪ?"

"ಇಲ್ಲ ಸಾರ್, ಸ್ಲ್ಯಾಬ್ ಮುಚ್ಚಿಬಿಡ್ತೀವಿ. ಗುಂಡಿ ಬಿಟ್ರೆ ಜನ ಬೀಳ್ತಾರಲ್ಲ."